ಹೆಸರಿಡುವ ಕಾರ್ಯಕ್ಕೆ ವಾಕರ್ ತರುವ ಮಹಾನುಭಾವರಿಗೆ

ನಿನ್ನೆ ಒಂದು ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆ. ಹೋಳಿಗೆ ಊಟ ಚೆನ್ನಾಗಿತ್ತು. ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಅಂದು ಬೆನ್ನಿಗೆ ಗುದ್ದು ತಿಂದಳು, ಎಲ್ಲರೂ ನಕ್ಕರು. ಇಟ್ಟ ಹೆಸರು ನನ್ನ ನಾಲಿಗೆಗೆ ಹತ್ತುವುದಕ್ಕೆ ಇನ್ನೂ ಟೈಮ್ ಬೇಕು, ಇರಲಿ. ನನ್ನ ಸಿಟ್ಟು ಇರುವುದು ತೊಟ್ಟಿಲ ಪಕ್ಕ ಬೆಳೆಯುತ್ತಿದ್ದ ಗಿಫ್ಟ್ ರಾಶಿಯ ಮೇಲೆ. ಅದರಲ್ಲಿ ವಾಕರ್ ಮೂರು, ಅದೇ, ಮಗುವನ್ನು ಕೂರಿಸಿ ಓಡಾಡಿಸುವ ಚಕ್ರದ ಸೀಟು. ಇನ್ನೂ ಕತ್ತು ನಿಲ್ಲದ ಒಂದೇ ಒಂದು ಮಗುವಿಗೆ ಮೂರು ವಾಕರ್! ಒಂದಕ್ಕೆ ಸಂಗೀತ ಬೇರೆ. ಗುಂಡಿ ಒತ್ತಿದರೆ ಕೋಳಿ ಕೂಗುತ್ತದೆ, ರೈಲು ಹೊರಡುತ್ತದೆ.

ನನ್ನ ಮೆಡಿಕಲ್ ಶಾಪ್ ನೋಡಿದವರಿಗೆ ನಾನು ಯಾಕೆ ಹೀಗೆ ಉರಿದುಕೊಳ್ಳುತ್ತೇನೆ ಅಂತ ಬೇರೆ ಹೇಳಬೇಕಾಗಿಲ್ಲ. ಹೊಸದಾಗಿ ಅಪ್ಪ ಆದವರು ಕೌಂಟರ್ ಮುಂದೆ ನಿಂತು ಮೊಬೈಲ್ ನೋಡಿಕೊಂಡು ಪಟ್ಟಿ ಓದುವುದು ದಿನಾ ಕೇಳುತ್ತೇನೆ. ಬಾಟಲಿ ಸೆಟ್, ಬಾಟಲಿ ಬಿಸಿ ಮಾಡುವ ಮೆಷಿನ್, ಪೌಡರ್, ಗ್ರೈಪ್ ವಾಟರ್, ಸಾಸಿವೆ ದಿಂಬು. ಪಾಪ, ನಿದ್ದೆಗೆಟ್ಟ ಮುಖ. ಅವರನ್ನು ಬೈಯುವುದಕ್ಕೆ ಮನಸ್ಸು ಬರುವುದಿಲ್ಲ. ಬೈಯಬೇಕಾದದ್ದು ಗಿಫ್ಟ್ ಕೊಡುವ ನಮ್ಮನ್ನು, ಅನುಭವಸ್ಥರು ಅನ್ನಿಸಿಕೊಂಡವರನ್ನು.

ವಾಕರಿನಲ್ಲಿ ಕೂರಿಸಿದರೆ ಮಗು ಬೇಗ ನಡೆಯುತ್ತದೆ ಅನ್ನುವುದು ಸುಳ್ಳು. ಉಲ್ಟಾ, ತಡವಾಗಬಹುದು. ಕೂಸು ಬೆರಳ ತುದಿಯಿಂದ ನೆಲ ಒದೆಯುತ್ತದೆ, ಮೈಭಾರವನ್ನೆಲ್ಲ ಸೀಟು ಹೊರುತ್ತದೆ. ಅಂಬೆಗಾಲಿಟ್ಟು, ಗೋಡೆ ಹಿಡಿದು, ಬಿದ್ದು ಎದ್ದು ಸೊಂಟ ಬೆನ್ನು ಗಟ್ಟಿಯಾಗಬೇಕಾದ ಹೊತ್ತನ್ನು ಈ ಪ್ಲಾಸ್ಟಿಕ್ ತಿಂದುಹಾಕುತ್ತದೆ. ಮುಂದೆ ತಟ್ಟೆ ಅಡ್ಡ ಇರುವುದರಿಂದ ತನ್ನ ಪಾದವೇ ಅದಕ್ಕೆ ಕಾಣುವುದಿಲ್ಲ. ಹೋಗಲಿ, ಒಂದು ತಿಂಗಳು ತಡವಾಗಿ ನಡೆದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಬೀಳುವುದು? ವಾಕರಿನಲ್ಲಿರುವ ಮಗು ಒಂದು ಸೆಕೆಂಡಿಗೆ ಮೂರು ಅಡಿಗಿಂತ ಜಾಸ್ತಿ ದೂರ ಓಡಬಲ್ಲದು. ನೀವು ‘ಏಯ್’ ಅನ್ನುವಷ್ಟರಲ್ಲಿ ಹೊಸ್ತಿಲ ಆಚೆ. ನಮ್ಮ ಮನೆಗಳು ಹೇಗಿರುತ್ತವೆ ನೀವೇ ಹೇಳಿ. ನಡುಮನೆಯಿಂದ ಅಡುಗೆಮನೆಗೆ ಒಂದು ಮೆಟ್ಟಿಲು ತಗ್ಗು, ಬಾಗಿಲಿನಾಚೆ ಮೂರು ಮೆಟ್ಟಿಲು, ಟೀಪಾಯಿ ಮೇಲೆ ಬಿಸಿ ಬಿಸಿ ಚಹಾ. ವಾಕರಿನಲ್ಲಿ ನಿಂತರೆ ಆ ಚಹಾ ಲೋಟಕ್ಕೆ ಸರಿಯಾಗಿ ಕೈ ಸಿಗುತ್ತದೆ.

ಕೆನಡಾದಲ್ಲಿ 2004ರಲ್ಲೇ ವಾಕರಿನ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿದರು. ಹಳೆಯದನ್ನು ಮಾರಿದರೂ ತಪ್ಪು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತಮ್ಮ ದೇಶದಲ್ಲೂ ನಿಷೇಧಿಸಿ ಅಂತ ವರ್ಷಗಳಿಂದ ಕೇಳುತ್ತಲೇ ಇದೆ. ನಾವು ಮಾತ್ರ ಅದಕ್ಕೆ ಬಣ್ಣದ ಕಾಗದ ಸುತ್ತಿ, ಮೇಲೆ ನಮ್ಮ ಹೆಸರು ಬರೆದು, ಕೊಡುವಾಗ ಫೋಟೋ ತೆಗೆಸಿಕೊಳ್ಳುತ್ತೇವೆ.

‘ಬಿಡ್ರೀ, ಪ್ರೀತಿಯಿಂದ ಕೊಟ್ಟಿದ್ದು, ಅದಕ್ಕೂ ಕೊಂಕು ತೆಗೀತೀರಲ್ಲ’ ಅಂದರು ಪಂಕ್ತಿಯಲ್ಲಿ ಪಕ್ಕ ಕೂತಿದ್ದವರು. ಪ್ರೀತಿಯಿಂದ ಕೊಟ್ಟರೆ ಮೆಟ್ಟಿಲು ಮೆತ್ತಗಾಗುತ್ತದಾ ಅಂತ ಕೇಳಿದೆ. ಅವರು ಅನ್ನಕ್ಕೆ ಸಾರು ಕಲಸುವುದರಲ್ಲಿ ಮಗ್ನರಾದರು. ಆಮೇಲೆ ನನಗೆ ಗೊತ್ತಾಯಿತು, ಕೋಳಿ ಕೂಗುವ ವಾಕರ್ ಅವರದೇ.

ರಾಶಿಯಲ್ಲಿ ಬಾಟಲಿ ಸೆಟ್ಟೂ ಇದ್ದವು. ಆ ತಾಯಿ ಎದೆಹಾಲು ಕೊಡುತ್ತಿದ್ದಾಳೆ, ಹಾಲು ಚೆನ್ನಾಗಿದೆ, ಮಗು ಗುಂಡುಗುಂಡಾಗಿದೆ. ಅವಳ ಕೈಗೆ ಬಾಟಲಿ ಕೊಡುವುದು ಅಂದರೆ ‘ನಿನ್ನ ಕೈಲಿ ಆಗಲ್ಲ ಬಿಡಮ್ಮ’ ಅಂತ ಮೊದಲೇ ಹೇಳಿದ ಹಾಗಲ್ವಾ? ಹಾಲಿನ ಪುಡಿ ಡಬ್ಬದ ಮೇಲೆ ಮಗುವಿನ ಚಿತ್ರ ಯಾಕೆ ಇರುವುದಿಲ್ಲ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಮ್ಮ ದೇಶದಲ್ಲಿ 1992ರಲ್ಲಿ ಮಾಡಿದ ಒಂದು ಕಾನೂನಿದೆ. ಹಾಲಿನ ಪುಡಿ, ಹಾಲು ಕುಡಿಸುವ ಬಾಟಲಿಗಳ ಜಾಹೀರಾತು ಮಾಡುವಂತಿಲ್ಲ. ಡಬ್ಬದ ಮೇಲೆ ತಾಯಿ ಮಗುವಿನ ಚಿತ್ರ ಹಾಕುವಂತಿಲ್ಲ. ತಾಯಂದಿರಿಗೆ ಬಿಟ್ಟಿ ಸ್ಯಾಂಪಲ್ ಹಂಚುವಂತಿಲ್ಲ. ಕಂಪನಿಯವರು ಮಾಡಬಾರದು ಅಂತ ಕಾನೂನು ತಂದ ಕೆಲಸವನ್ನು ನೆಂಟರು ರಿಬ್ಬನ್ ಕಟ್ಟಿ ಪುಕ್ಕಟೆ ಮಾಡಿಕೊಡುತ್ತಾರೆ.

ಹಾಲು ಸಾಲದ ತಾಯಂದಿರು ಇಲ್ಲವೇ ಅಂತ ಕೇಳಬೇಡಿ. ಇದ್ದಾರೆ. ಡಾಕ್ಟರ್ ಹೇಳಿದರೆ ಪುಡಿ ಹಾಲು ಕೊಡಲಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೆಲಸಕ್ಕೆ ಹೋಗುವವಳು ಹಾಲು ಹಿಂಡಿಟ್ಟು ಹೋಗಲಿ. ಆದರೆ ಕುಡಿಸುವುದಕ್ಕೆ ನಮ್ಮ ಒಳಲೆ, ಆ ಮೂತಿ ಇರುವ ಪುಟ್ಟ ಬಟ್ಟಲು, ಇಲ್ಲವಾ? ಮೂಲೆ ಇಲ್ಲ, ನಿಪ್ಪಲ್ ಇಲ್ಲ, ತೊಳೆಯುವುದು ಸುಲಭ. ಆಸ್ಪತ್ರೆಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇವತ್ತಿಗೂ ಅದೇ ತರಹದ್ದರಲ್ಲಿ ಹಾಲು ಹಾಕುತ್ತಾರೆ. ಬೆಳ್ಳಿಯದೇ ಕೊಡಬೇಕು ಅನ್ನುವವರಿಗೆ ಬೆಳ್ಳಿಯ ಒಳಲೆಯೂ ಸಿಗುತ್ತದೆ. ಕೊಡಿ. ಬೆಳ್ಳಿ ಲೋಟ ಯಾರಿಗೆ ಬೇಕು?

ಪೌಡರ್ ಡಬ್ಬಗಳ ಕಥೆ ಬೇರೆ ಹೇಳಬೇಕಾ? ಹಾಕುವಾಗ ಏಳುವ ಧೂಳನ್ನು ಮಗು ಉಸಿರಾಡುತ್ತದೆ. ಜಾನ್ಸನ್ ಅಂಡ್ ಜಾನ್ಸನ್‌ನವರೇ 2023ರಲ್ಲಿ ಟಾಲ್ಕ್ (ಒಂದು ಬಗೆಯ ಕಲ್ಲಿನ ಪುಡಿ) ಪೌಡರ್ ನಿಲ್ಲಿಸಿ ಮೆಕ್ಕೆಜೋಳದ ಪಿಷ್ಟದ ಪೌಡರಿಗೆ ಹೋದರು. ಅದನ್ನೂ ಮೂಗಿನ ಹತ್ತಿರ ಕೊಡವುವುದು ಬೇಡವೇ ಬೇಡ. ಹೌದು, ಪೌಡರ್ ನನ್ನ ಅಂಗಡಿಯಲ್ಲೂ ಇದೆ. ಕೇಳಿದವರಿಗೆ ಬೈದು ಕೊಡುತ್ತೇನೆ. ಬೈಗುಳಕ್ಕೆ ಜಿಎಸ್‌ಟಿ ಇಲ್ಲ.

ಸಾಸಿವೆ ದಿಂಬು ಇನ್ನೊಂದು. ತಲೆ ಗುಂಡಗೆ ಆಗಲಿ ಅಂತ. ಒಂದು ವರ್ಷದೊಳಗಿನ ಮಗುವಿಗೆ ದಿಂಬೇ ಬೇಡ ರೀ. ಗಟ್ಟಿ ಹಾಸಿಗೆ, ಅಂಗಾತ ಮಲಗಿಸುವುದು, ಮುಖದ ಹತ್ತಿರ ಮೆತ್ತನೆಯ ಸಾಮಾನು ಯಾವುದೂ ಇಲ್ಲದಿರುವುದು, ಇಷ್ಟೇ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅದಕ್ಕೇ ಇದನ್ನು ಯಾರೂ ಹೇಳುವುದಿಲ್ಲ.

ಈಗ ‘ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ, ನಾವು ಬೆಳೆಯಲಿಲ್ವಾ’ ಅನ್ನುವ ಅತ್ತೆಯಂದಿರು ನನ್ನ ಪಕ್ಷಕ್ಕೆ ಬಂದು ನಿಂತಿರುತ್ತಾರೆ ಅಂತ ಗೊತ್ತು. ಸ್ವಲ್ಪ ದೂರ ನಿಲ್ಲಿ. ಕೊಬ್ಬರಿ ಎಣ್ಣೆ ಹಚ್ಚಿ ಹಗುರವಾಗಿ ಮೈ ನೀವುವುದು, ಹಳೇ ಪಂಚೆ ಹರಿದು ಲಂಗೋಟಿ ಮಾಡುವುದು, ಕೌದಿ, ಕುಲಾವಿ, ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ, ಇವೆಲ್ಲ ಬಂಗಾರ. ಆದರೆ ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದು ನಿಮ್ಮ ಕಾಲದಲ್ಲೂ ತಪ್ಪೇ. ಒಂದು ವರ್ಷದೊಳಗೆ ಜೇನಿನಿಂದ ಬೊಟುಲಿಸಂ ಅನ್ನುವ ಕೆಟ್ಟ ಕಾಯಿಲೆ ಬರಬಹುದು. ಹೊಕ್ಕುಳಬಳ್ಳಿಗೆ ಬೂದಿ ಅರಿಶಿನ ಮೆತ್ತಬೇಡಿ, ಒಣಗಲು ಬಿಟ್ಟರೆ ತಾನೇ ಬೀಳುತ್ತದೆ. ಮೂಗಿಗೆ ಎಣ್ಣೆ ಬಿಡಬೇಡಿ. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಬೇಡ. ಇನ್ನು ಗ್ರೈಪ್ ವಾಟರ್ ನಮ್ಮ ಅಜ್ಜಿಯರ ಔಷಧಿ ಅಂತ ಹೇಳುತ್ತಾರಲ್ಲ, ಅದು ಇಂಗ್ಲೆಂಡಿನ ಅಜ್ಜಿಯರದ್ದು. 1851ರಲ್ಲಿ ನಾಟಿಂಗ್‌ಹ್ಯಾಮ್‌ನ ವುಡ್‌ವರ್ಡ್ ಅನ್ನುವವನು ಮಾಡಿದ್ದು. ಆಗ ಅದರಲ್ಲಿ ಮದ್ಯಸಾರವೂ ಇತ್ತು, ಸಕ್ಕರೆಯೂ ಇತ್ತು. ಮಕ್ಕಳು ಸುಮ್ಮನಾಗದೆ ಇನ್ನೇನು ಮಾಡುತ್ತವೆ? ಈಗಿನದರಲ್ಲಿ ಮದ್ಯಸಾರ ಇಲ್ಲ, ನಿಜ. ಆದರೂ ಮೊದಲ ಆರು ತಿಂಗಳು ಎದೆಹಾಲು ಕುಡಿಯುವ ಮಗುವಿಗೆ ಬರೀ ನೀರೂ ಬೇಕಿಲ್ಲ. ಬಿರುಬೇಸಿಗೆಯಲ್ಲೂ ಬೇಕಿಲ್ಲ. ಡಾಕ್ಟರ್ ಬರೆದ ಔಷಧಿ ಬೇರೆ ಮಾತು.

ಮತ್ತೆ ಗಿಫ್ಟಿಗೇ ಬರುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ಅಷ್ಟು ಜನ ತೊಟ್ಟಿಲು ಬಗ್ಗಿ ನೋಡಿದರಲ್ಲ, ಬಾಣಂತಿಯ ಮುಖ ನೋಡಿದವರು ಎಷ್ಟು ಜನ? ರೇಷ್ಮೆ ಸೀರೆ ಉಡಿಸಿ, ತಲೆತುಂಬ ಹೂವು ಮುಡಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಕಣ್ಣು ತೂಗುತ್ತಿತ್ತು. ಬಂದವರೆಲ್ಲ ‘ಮಗು ಯಾರ ಹಾಗಿದೆ’ ಅಂತ ವಾದ ಮಾಡಿ ಹೋದರು. ನನ್ನ ಮಗಳು ಹುಟ್ಟಿದಾಗ ನನಗೂ ಇದೇ ಆಗಿದ್ದು. ಇದುವರೆಗೆ ಎಲ್ಲೂ ಬರೆದಿಲ್ಲ, ಇವತ್ತು ಬರೆಯುತ್ತೇನೆ. ಬಾಣಂತನದ ಕೋಣೆಯಲ್ಲಿ ನಾನು ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಯಾಕೆ ಅಂತ ಕೇಳಿದರೆ ನನಗೇ ಗೊತ್ತಿರಲಿಲ್ಲ. ಮಗುವಿನ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ಸಿಟ್ಟು ಬಂದದ್ದಕ್ಕೆ ಹೆದರಿಕೆ. ಮನೆ ತುಂಬ ಬೆಳ್ಳಿ ಲೋಟ, ಫ್ರಾಕು. ಬೇಕಾಗಿದ್ದದ್ದು ನಿದ್ದೆ. ಎದುರು ಮನೆ ಅಕ್ಕ ಒಬ್ಬರು ಏನೂ ತರದೆ ಬಂದರು. ಮಗುವನ್ನು ಎತ್ತಿಕೊಂಡು, ‘ನೀ ಮಲಗವ್ವ, ಹಸಿವಾದ್ರೆ ಎಬ್ಬಿಸ್ತೀನಿ’ ಅಂದರು. ಹೋಗುವಾಗ ಬಕೆಟ್ ತುಂಬ ಇದ್ದ ಲಂಗೋಟಿ ಒಗೆದು ಹಾಕಿ ಹೋದರು. ಬೆಳ್ಳಿ ಲೋಟ ಕೊಟ್ಟವರು ಯಾರು ಅಂತ ನೆನಪಿಲ್ಲ.

ಹಾಗಂತ ಸಾಮಾನೇ ಕೊಡಬೇಡಿ ಅಂತ ಅಲ್ಲ. ಬೇಕಾದದ್ದು ಕೊಡಿ. ನಮ್ಮ ರಾಜ್ಯ ಸರ್ಕಾರ 2007ರಲ್ಲಿ ಬಡ ತಾಯಂದಿರಿಗೆ ಅಂತ ಮಡಿಲು ಕಿಟ್ ಶುರು ಮಾಡಿತಲ್ಲ, ಅದರಲ್ಲಿ ಏನೇನಿತ್ತು ನೆನಪಿದೆಯಾ? ಸೊಳ್ಳೆ ಪರದೆ, ಮಗುವಿಗೆ ರಬ್ಬರ್ ಶೀಟು, ಸ್ವೆಟರ್, ಟೋಪಿ, ಜೊತೆಗೆ ತಾಯಿಗೆ ಹೊದಿಕೆ, ಪ್ಯಾಡ್, ಹೊಟ್ಟೆ ಕಟ್ಟುವ ಬಟ್ಟೆ, ಸೋಪು, ಕೊಬ್ಬರಿ ಎಣ್ಣೆ, ಬಾಚಣಿಗೆ. ಬಾಚಣಿಗೆ ರೀ! ಆ ಪಟ್ಟಿ ಮಾಡಿದವರಿಗೆ ಬಾಣಂತಿಗೂ ತಲೆ ಇರುತ್ತದೆ, ಅದನ್ನು ಬಾಚಬೇಕು ಅಂತ ಹೊಳೆದಿತ್ತು. ಸರ್ಕಾರಕ್ಕೆ ಹೊಳೆದದ್ದು ನಮ್ಮ ನೆಂಟರಿಗೆ ಹೊಳೆಯುವುದಿಲ್ಲ.

ಒಂದು ಡಿಜಿಟಲ್ ಥರ್ಮಾಮೀಟರ್ ಕೊಡಿ. ವಾಕರಿನ ದುಡ್ಡಿನಲ್ಲಿ ಎಷ್ಟೋ ಥರ್ಮಾಮೀಟರ್ ಬರುತ್ತವೆ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ಮನೆಮದ್ದು, ನಾಳೆ ನೋಡೋಣ, ಇದ್ಯಾವುದೂ ಇಲ್ಲ. ಸೀದಾ ಡಾಕ್ಟರ ಹತ್ತಿರ. ಹಣೆ ಮುಟ್ಟಿ ‘ಸ್ವಲ್ಪ ಬೆಚ್ಚಗಿದೆ’ ಅನ್ನುವವರ ಕೈಯನ್ನು ನಾನು ನಂಬುವುದಿಲ್ಲ.

ಅಂಗಡಿಯವಳಾಗಿ ಇನ್ನೊಂದು ಹೇಳಲೇಬೇಕು. ಪ್ಯಾರಾಸಿಟಮಾಲ್ ಹನಿಯ ಬಾಟಲಿ ಬೇರೆ, ಸಿರಪ್ ಬೇರೆ. ಹನಿಯಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂಎಲ್‌ಗೆ 120, ಕೆಲವದರಲ್ಲಿ 250. ಅಂದರೆ ಆ ಚಿಕ್ಕ ಬಾಟಲಿಯೇ ಜೋರು. ಹನಿಯನ್ನು ಸಿರಪ್ಪಿನ ಅಳತೆಯಲ್ಲಿ ಹಾಕಿದರೆ ಏನಾಗಬಹುದು ಯೋಚಿಸಿ. ವಿಟಮಿನ್ ಡಿ ಹನಿಯೂ ಹಾಗೇ. ಎಳೆ ಮಕ್ಕಳಿಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಲೆಕ್ಕ) ಅಂತ ಡಾಕ್ಟರು ಬರೆಯುತ್ತಾರೆ. ಒಂದು ಕಂಪನಿಯದರಲ್ಲಿ 1 ಎಂಎಲ್‌ಗೆ 400 ಇರುತ್ತದೆ, ಇನ್ನೊಂದರಲ್ಲಿ 800. ಬ್ರ್ಯಾಂಡ್ ಬದಲಾದರೆ ಅಳತೆಯೂ ಬದಲಾಗಬೇಕು. ‘ಪಕ್ಕದ ಮನೆಯವರು ಅರ್ಧ ಎಂಎಲ್ ಹಾಕ್ತಾರೆ’ ಅಂತ ಬರುವವರನ್ನು ಕಂಡರೆ ನನಗೆ ತಲೆ ಬಿಸಿಯಾಗುತ್ತದೆ. ಡಬ್ಬದ ಮೇಲೆ ಬರೆದಿರುವುದನ್ನು ಓದಿ. ಓದುವುದಕ್ಕೆ ಬರದವರು ಕೇಳಿ, ನಾನು ಅಲ್ಲೇ ಇರುತ್ತೇನೆ.

ಡಯಾಪರ್ ಕೊಡುತ್ತೀರಾ? ಧಾರಾಳವಾಗಿ. ರಾತ್ರಿ ಹೊತ್ತು ಮನೆಯವರಿಗೆಲ್ಲ ಪುಣ್ಯ ಬರುತ್ತದೆ. ಆದರೆ ಹುಟ್ಟಿದ ಮಗುವಿನ ಸೈಜಿನದೇ ರಾಶಿ ಹಾಕಬೇಡಿ, ಮಗು ನಾಲ್ಕು ವಾರದಲ್ಲಿ ದಾಟಿಬಿಡುತ್ತದೆ. ದೊಡ್ಡ ಸೈಜ್ ಕೊಡಿ. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಲಿ, ನಡುವೆ ಒಂದಷ್ಟು ಹೊತ್ತು ಬರೀ ಮೈಯಲ್ಲಿ ಗಾಳಿಯಾಡಲಿ. ಕೆಂಪಗಾದರೆ ಜಿಂಕ್ ಇರುವ ಕ್ರೀಮ್ ಸಾಕು. ಆಟಿಕೆಯೇ ಬೇಕು ಅನ್ನುವವರಿಗೆ ಚನ್ನಪಟ್ಟಣದ ಮರದ ಗಿಲಕಿ ಇದೆ. ಬ್ಯಾಟರಿ ಬೇಡ, ಕೋಳಿಯೂ ಕೂಗುವುದಿಲ್ಲ.

ಮುಂದಿನ ತಿಂಗಳು ನಮ್ಮ ನಾದಿನಿ ಮಗಳ ಹೆರಿಗೆ. ಫ್ಯಾಮಿಲಿ ಗ್ರೂಪಿನಲ್ಲಿ ಗಿಫ್ಟಿಗೆ ಚಂದಾ ಎತ್ತುವುದು ಆಗಲೇ ಶುರುವಾಗಿದೆ. ತಾನೇ ತೂಗುವ ಕರೆಂಟಿನ ತೊಟ್ಟಿಲು ಕೊಡೋಣ, ರಿಮೋಟ್ ಕೂಡ ಇದೆ ಅಂತ ಒಬ್ಬರು ಫೋಟೋ ಹಾಕಿದರು. ಹದಿನೈದು ಜನ ಹೆಬ್ಬೆಟ್ಟು ತೋರಿಸಿದರು. ನಾನು ಹಾಕಿದೆ: ಅದೇ ದುಡ್ಡಿನಲ್ಲಿ ಎರಡು ತಿಂಗಳು ಬಟ್ಟೆ ಒಗೆಯೋಕೆ, ಅಡುಗೆಗೆ ಒಬ್ಬ ಹೆಂಗಸನ್ನ ಗೊತ್ತು ಮಾಡೋಣ, ದುಡ್ಡು ಕಡಿಮೆ ಬಿದ್ದರೆ ನಾನು ಹಾಕ್ತೀನಿ. ಮಧ್ಯಾಹ್ನ ಹಾಕಿದ್ದು. ಎಲ್ಲರೂ ಓದಿದ್ದಾರೆ, ನೀಲಿ ಗೆರೆ ಬಂದಿದೆ. ಒಬ್ಬರೂ ಉಸಿರೆತ್ತಿಲ್ಲ. ಚಿಕ್ಕಮಾವ ಮಾತ್ರ ಈಗಷ್ಟೇ ಒಂದು ಗುಲಾಬಿ ಹೂವು ಕಳಿಸಿದ್ದಾರೆ, ಶುಭೋದಯ ಅಂತ. ರಾತ್ರಿ ಒಂಬತ್ತೂವರೆ ಈಗ.