ಡೂಮ್ ಎಟರ್ನಲ್ ಅನ್ನೋ ಶೂಟಿಂಗ್ ವಿಡಿಯೋ ಗೇಮ್ ಬಗ್ಗೆ ನಾನು ಹಾಕಿದ್ದ ಮೆಸೇಜ್ ತಪ್ಪು

ಮಳೆಗೆ ಕರೆಂಟ್ ಹೋಗಿ ಸುಮ್ನೆ ಕೂತಿದ್ದಾಗ ನಮ್ಮ ಮಡಿಕೇರಿ ಗೇಮಿಂಗ್ ಗ್ರೂಪಿಗೆ ನಾನು ಹಾಕಿದ ಮೆಸೇಜ್ ಈಗ ವಿರಾಜಪೇಟೆ, ಕುಶಾಲನಗರದ ಗ್ರೂಪುಗಳಲ್ಲೂ ಓಡಾಡುತ್ತಿದೆ. '2016ರ ಡೂಮ್‌ಗಿಂತ 2020ರ ಡೂಮ್ ಎಟರ್ನಲ್‌ನಲ್ಲಿ ಫೈಟಿಂಗ್ ತೀರಾ ಸುಲಭ ಮಾಡಿಬಿಟ್ಟಿದ್ದಾರೆ' ಎಂದು ಬರೆದಿದ್ದೆ. ಅದು ತಪ್ಪು. ಆಗ ನಾನು ಆಡಿದ್ದು ಮೊದಲ ಲೆವೆಲ್ ಮಾತ್ರ, ಅದೂ ಈಸಿಯಲ್ಲಿ!

ಈಗ ಎರಡನ್ನೂ ಪೂರ್ತಿ ಆಡಿದೆ. ಎಟರ್ನಲ್‌ನಲ್ಲಿ ಗುಂಡು ಬೇಗ ಖಾಲಿಯಾಗುತ್ತದೆ. ಗುಂಡು ಬೇಕಂದ್ರೆ ಶತ್ರುವನ್ನು ಕೊಯ್ಯೋಕೆ ಚೈನ್‌ಸಾ (ಮೋಟಾರ್ ಗರಗಸ), ಆರ್ಮರ್‌ಗೆ ಬೆಂಕಿ ಉಗುಳುವ ಫ್ಲೇಮ್ ಬೆಲ್ಚ್, ಹೆಲ್ತ್‌ಗೆ ಗ್ಲೋರಿ ಕಿಲ್ (ತತ್ತರಿಸಿದ ಶತ್ರುವನ್ನು ಹತ್ತಿರ ಹೋಗಿ ಮುಗಿಸೋದು) ಅಂತ ಓಡುತ್ತಲೇ ಲೆಕ್ಕ ಹಾಕುತ್ತಿರಬೇಕು. ಹಳೆಯದರಲ್ಲಿ ಇಲ್ಲದ ಡ್ಯಾಶ್ (ಥಟ್ಟನೆ ಮುಂದಕ್ಕೋ ಪಕ್ಕಕ್ಕೋ ನುಗ್ಗೋದು) ಕೂಡ ಬಂದಿದೆ. ಅರಾಕ್ನೋಟ್ರಾನ್ ಅನ್ನೋ ಜೇಡದಂಥ ರಾಕ್ಷಸನ ಮೇಲಿನ ಗನ್ ಮೊದಲು ಒಡೆಯದಿದ್ದರೆ ಪಜೀತಿ. ಇದನ್ನು ಸುಲಭ ಅನ್ನೋಕಾಗಲ್ಲ ಅಲ್ವಾ?

ದಯವಿಟ್ಟು ಹಳೆ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ಅದು ಕಂಡಲ್ಲಿ ಇದನ್ನು ಹಾಕಿ.