ತಲಪಾಡಿ ಗಡಿ ದಾಟಿದರೆ ದೂರು ಕೊಡೋಕೆ ಆಗಲ್ವಾ? ಸತ್ಯಾಂಶ

ಕೇರಳದ ಗಡಿಭಾಗದ ಮಂಜೇಶ್ವರ, ಕುಂಬಳೆ ಕಡೆಯ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮಂಗಳೂರಲ್ಲಿ ಸರ ಕಿತ್ತುಕೊಂಡು ಹೋದರೆ ಅಲ್ಲಿಗೇ ಹೋಗಿ ದೂರು ಕೊಡಬೇಕು. ಕೇರಳ ಪೊಲೀಸರು ಬರೆದುಕೊಳ್ಳುವ ಹಾಗಿಲ್ಲ."

ಇದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ.

ನೀವು ಬಾಯಲ್ಲಿ ಹೇಳಿದರೂ ಸಾಕು. ಅಧಿಕಾರಿ ಅದನ್ನು ಬರೆದು, ನಿಮಗೆ ಓದಿ ಹೇಳಿ, ಸಹಿ ತಗೊಳ್ಳಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ. ಹೇಳಿಕೆ ಮಲಯಾಳದಲ್ಲಿರುತ್ತದೆ, ಅಕ್ಷರ ಬಾರದಿದ್ದರೂ ಸುಮ್ನೆ ಸಹಿ ಹಾಕಿ ಬರುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. "ಸಾರ್, ಒಂದು ಸಲ ಕನ್ನಡದಲ್ಲಿ ಓದಿ ಹೇಳಿ" ಅಂತ ಕೇಳಿ. ಸಮಯ, ಜಾಗ, ಸರ ಎಷ್ಟು ಪವನಿನದು, ಬೈಕಿನ ಬಣ್ಣ, ಒಂದೊಂದನ್ನೂ ನೋಡಿಕೊಳ್ಳಿ. ಸಂಜೆ ಆರು ಬೆಳಗ್ಗೆ ಆರು ಆಗಿಬಿಟ್ಟರೆ ಮುಂದೆ ಕೋರ್ಟಿನಲ್ಲಿ ಅದೇ ದೊಡ್ಡ ಪ್ರಶ್ನೆ. ಎಫ್‌ಐಆರ್ ಪ್ರತಿಯನ್ನೂ ಕೇಳಿ ತಗೊಳ್ಳಿ, ಅದಕ್ಕೆ ದುಡ್ಡಿಲ್ಲ.

ಇನ್ನೊಂದು ಮಾತು. ಆನ್‌ಲೈನಲ್ಲಿ ಕಳಿಸಿದರೆ ಕೆಲಸ ಮುಗಿಯಿತು ಅನ್ನುವುದೂ ಅರ್ಧ ಸತ್ಯ. ಮೂರು ದಿನದೊಳಗೆ ಸಹಿ ಹಾಕಿದರೆ ಮಾತ್ರ ಅದು ದಾಖಲಾಗುತ್ತದೆ.

ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.