ಹಳೇ ಸ್ಪೀಕರ್‌ಗೆ ಮೊದಲು ಬೇಕಿರೋದು ರಿಪೇರಿ, ಅಪ್‌ಗ್ರೇಡ್ ಆಮೇಲೆ

ಎಪ್ಪತ್ತು, ಎಂಬತ್ತರ ದಶಕದ ಒಂದು ಜೋಡಿ ಸ್ಪೀಕರ್ ಕೈಗೆ ಸಿಕ್ಕಿದ ಕೂಡಲೇ ಬಹುತೇಕರು ಕೇಳೋದು ಎರಡೇ ಪ್ರಶ್ನೆ. ಯಾವ ಕೇಬಲ್ ಹಾಕಲಿ? ಟ್ವೀಟರ್ (ಮೇಲಿನ ಸ್ವರ ನುಡಿಸೋ ಚಿಕ್ಕ ಘಟಕ) ಯಾವುದಕ್ಕೆ ಬದಲಿಸಲಿ? ಎರಡೂ ಆಮೇಲಿನ ಮಾತು. ನಲವತ್ತು ವರ್ಷ ಮೂಲೆಯಲ್ಲಿ ಕೂತ ಸ್ಪೀಕರ್ ಈಗ ಹೊರಡಿಸುತ್ತಿರೋ ದನಿ ಅದರ ನಿಜವಾದ ದನಿಯೇ ಅಲ್ಲ. ಫೋಮ್ ಪುಡಿಯಾಗಿರುತ್ತೆ, ಕೆಪಾಸಿಟರ್ ಒಣಗಿರುತ್ತೆ, ಪೆಟ್ಟಿಗೆ ಸೋರುತ್ತಿರುತ್ತೆ. ಅದನ್ನು ಸರಿಮಾಡದೆ "ಸುಧಾರಿಸೋಕೆ" ಹೊರಟರೆ ಯಾವುದು ಸುಧಾರಿಸ್ತು, ಯಾವುದು ಕೆಟ್ಟಿತು ಅಂತ ಹೇಳೋಕೂ ಆಗಲ್ಲ.

ಆಂಪ್ಲಿಫೈಯರ್‌ಗೆ ಜೋಡಿಸೋ ಮೊದಲು ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಅಂತ ಬರೆದಿರೋ ವೂಫರ್ (ಬಾಸ್ ನುಡಿಸೋ ದೊಡ್ಡ ಘಟಕ) ಮೀಟರ್‌ನಲ್ಲಿ 5.5ರಿಂದ 7 ಓಮ್ ತೋರಿಸಿದರೆ ಸರಿ. 4 ಓಮ್‌ನದ್ದು 3ರಿಂದ 3.5. ಏನೂ ತೋರಿಸದಿದ್ದರೆ ಒಳಗಿನ ವಾಯ್ಸ್ ಕಾಯಿಲ್ (ಕೋನನ್ನು ಆಡಿಸೋ ತಂತಿಸುರುಳಿ) ಸುಟ್ಟಿದೆ, ಇಲ್ಲವೇ ಕೋನ್‌ಗೆ, ಅಂದರೆ ಮುಂದೆ ಹಿಂದೆ ಆಡಿ ಸದ್ದು ಮಾಡೋ ಭಾಗಕ್ಕೆ, ಬರೋ ಹೆಣೆದ ತಂತಿ ತುಂಡಾಗಿದೆ. ಇಲ್ಲಿ ಹೊಸಬರು ಒಂದು ತಪ್ಪು ಮಾಡ್ತಾರೆ: ಪೆಟ್ಟಿಗೆಯ ಹಿಂದಿನ ಟರ್ಮಿನಲ್‌ನಲ್ಲಿ ಅಳೆದು, ರೀಡಿಂಗ್ ಬಂತು, ಎಲ್ಲ ಚೆನ್ನಾಗಿದೆ ಅಂದುಕೊಳ್ತಾರೆ. ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್ ಕೂತಿರುತ್ತೆ, ಅದು ಮೀಟರ್ ಕಳಿಸೋ ಡಿಸಿ ಕರೆಂಟನ್ನು ಬಿಡೋದೇ ಇಲ್ಲ. ಹಾಗಾಗಿ ಹಿಂದಿನಿಂದ ಕಾಣಿಸೋದು ವೂಫರ್ ಮಾತ್ರ. ಟ್ವೀಟರ್‌ನ ಒಂದು ತಂತಿ ಬಿಚ್ಚಿ ಅದನ್ನು ಬೇರೆಯಾಗಿಯೇ ಅಳೆಯಬೇಕು.

ಆಮೇಲೆ ಕೈ ಪರೀಕ್ಷೆ. ಐದೂ ಬೆರಳನ್ನು ಡಸ್ಟ್ ಕ್ಯಾಪ್ (ಕೋನ್ ನಡುವಿನ ಮುಚ್ಚಳ) ಸುತ್ತ ಸಮನಾಗಿ ಹರಡಿ, ವೂಫರ್ ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಸದ್ದಿಲ್ಲದೆ ಹೋಗಿ ಬರಬೇಕು. ಮರಳುಕಾಗದ ಉಜ್ಜಿದ ಹಾಗೆ ಸರ್‌ಸರ್ ಅಂದರೆ ವಾಯ್ಸ್ ಕಾಯಿಲ್ ಮ್ಯಾಗ್ನೆಟ್‌ಗೆ ತಾಗುತ್ತಿದೆ. ಒಂದೇ ಬೆರಳಲ್ಲಿ ಒಂದು ಕಡೆ ಒತ್ತಿದರೆ ಒಳ್ಳೆಯ ವೂಫರ್ ಕೂಡ ಉಜ್ಜುತ್ತೆ, ಸುಮ್ಮನೆ ಗಾಬರಿ. ಪೋಲಾರಿಟಿ (ಪ್ಲಸ್ ಮೈನಸ್ ಯಾವ ಕಡೆ ಅನ್ನೋದು) ನೋಡೋಕೆ ವೂಫರ್ ಟರ್ಮಿನಲ್‌ಗೆ 1.5 ವೋಲ್ಟ್ ಸೆಲ್ ಅನ್ನು ಕ್ಷಣ ಮಾತ್ರ ತಾಗಿಸಿ. ಪ್ಲಸ್‌ಗೆ ಪ್ಲಸ್ ಮುಟ್ಟಿದಾಗ ಕೋನ್ ಮುಂದೆ ಬರಬೇಕು. ಹಳೆಯ ಜೆಬಿಎಲ್ ಕಂಪನಿಯ ಡ್ರೈವರ್‌ಗಳಲ್ಲಿ (ವೂಫರ್, ಟ್ವೀಟರ್‌ನಂಥ ಘಟಕಗಳಲ್ಲಿ) ಇದು ಉಲ್ಟಾ, ಅದು ದೋಷವಲ್ಲ. ಮುಖ್ಯವಾದದ್ದು ಎರಡೂ ಪೆಟ್ಟಿಗೆ ಒಂದೇ ಥರ ವರ್ತಿಸೋದು. ಟ್ವೀಟರ್‌ಗೆ ಮಾತ್ರ ಸೆಲ್ ಮುಟ್ಟಿಸಬೇಡಿ.

ಈಗ ಫೋಮ್. ವೂಫರ್ ಅಂಚಿನಲ್ಲಿರೋ ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೇ ಕರಗುತ್ತೆ, ಬಾರಿಸಿದರೂ ಅಷ್ಟೆ, ಬಾರಿಸದೆ ಇಟ್ಟರೂ ಅಷ್ಟೆ. ಹದಿನೈದು ಇಪ್ಪತ್ತು ವರ್ಷ ಬಂದರೆ ಹೆಚ್ಚು. ಬೆರಳು ತಾಗಿಸಿದಾಗ ಅಂಟಾಗಿ ಬಂದರೂ, ಪುಡಿ ಉದುರಿದರೂ ಅದರ ಕಥೆ ಮುಗಿದಿದೆ. "ಸ್ವಲ್ಪ ಹರಿದಿದೆ, ಕಡಿಮೆ ವಾಲ್ಯೂಮ್‌ನಲ್ಲಿ ಕೇಳ್ತೀನಿ" ಅನ್ನೋದು ದುಬಾರಿ ಜಾಣತನ. ಅಂಚಿನ ಹಿಡಿತ ತಪ್ಪಿದ ಕೋನ್ ಓರೆಯಾಗಿ ಕುಣಿದು ಕಾಯಿಲ್ ಉಜ್ಜಿಹೋದರೆ, ಫೋಮ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಹೊಸ ಕಾಯಿಲ್ ಕಟ್ಟೋವರೆಗೆ ಹೋಗುತ್ತೆ.

ಹೊಸ ಫೋಮ್ ತರಿಸುವಾಗ "10 ಇಂಚು" ಅಂದರೆ ಸಾಲದು. ಕೋನ್‌ನ ಹೊರ ವ್ಯಾಸ, ಫೋಮ್ ಅಂಟೋ ಫ್ರೇಮ್‌ನ ಒಳ ಮತ್ತು ಹೊರ ವ್ಯಾಸ, ಉಬ್ಬಿದ ಭಾಗದ ಅಗಲ, ಇವಿಷ್ಟನ್ನೂ ಮಿ.ಮೀ. ಲೆಕ್ಕದಲ್ಲಿ ಅಳೆಯಿರಿ. ಫೋಮ್ ಕೋನ್‌ನ ಮೇಲೆ ಅಂಟಿದೆಯೋ ಕೆಳಗೋ ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಇನ್ನು ರಬ್ಬರ್ ಬಾಳಿಕೆ ಬರುತ್ತೆ ಅಂತ ಫೋಮ್ ಇದ್ದ ಜಾಗಕ್ಕೆ ರಬ್ಬರ್ ಹಾಕೋರಿದ್ದಾರೆ. ರಬ್ಬರ್ ತೂಕ ಜಾಸ್ತಿ, ಬಳುಕು ಬೇರೆ. ವೂಫರ್‌ನ ಅನುರಣನ ಆವರ್ತನವೇ ಬದಲಾಗಿ ಪೆಟ್ಟಿಗೆಯ ಲೆಕ್ಕ ತಪ್ಪುತ್ತೆ. ಫೋಮ್ ಇದ್ದ ಕಡೆ ಫೋಮ್, ರಬ್ಬರ್ ಇದ್ದ ಕಡೆ ರಬ್ಬರ್.

ಹಳೆಯದನ್ನು ತೆಗೆಯೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿ ಸಾಕು. ಕಾಗದದ ಕೋನ್ ನೆನೆಯೋವಷ್ಟು ಸುರಿಯಬೇಡಿ. ಅಸಿಟೋನ್ ಬಾಟಲಿಯನ್ನು ಪ್ಲಾಸ್ಟಿಕ್ ಕೋನ್ ಹತ್ತಿರಕ್ಕೂ ತರಬೇಡಿ, ಬೆಕ್ಸ್‌ಟ್ರೀನ್ ಅನ್ನೋ ಪ್ಲಾಸ್ಟಿಕ್‌ನ ಕೋನ್ ಅದರಲ್ಲಿ ಕರಗುತ್ತೆ. ಫ್ರೇಮ್ ಮೇಲಿನ ಹಳೆಯ ಅಂಟು ಪೂರ್ತಿ ಹೋಗಬೇಕು. ಒಂದು ಗಂಟು ಉಳಿದರೂ ಹೊಸ ಫೋಮ್ ಅಲ್ಲಿ ಎದ್ದು ಕೂರುತ್ತೆ. ಅಂಟು ಬಿಳಿ, ನೀರು ಆಧಾರಿತ, ಒಣಗಿದ ಮೇಲೂ ಬಳುಕೋ ಥರದ್ದು ಇರಲಿ. ತಕ್ಷಣ ಕಚ್ಚಿಕೊಳ್ಳೋ ಸೂಪರ್ ಗ್ಲೂ ಬೇಡವೇ ಬೇಡ, ಸರಿಸಿ ಕೂರಿಸೋಕೆ ಸಮಯವೇ ಕೊಡಲ್ಲ.

ಮೊದಲು ಕೋನ್ ಕಡೆ ಅಂಟಿಸಿ, ಸುತ್ತ ಒತ್ತುತ್ತಾ ಒಂದು ರಾತ್ರಿ ಬಿಡಿ. ಮರುದಿನ ಫ್ರೇಮ್ ಕಡೆ ಅಂಟು ಹಚ್ಚಿ, ವೂಫರ್‌ಗೆ 30 ಹರ್ಟ್ಜ್‌ನ ಟೋನ್ ಕೊಡಿ. ಕೋನ್ ಎರಡು ಮೂರು ಮಿ.ಮೀ. ಆಡಿದರೆ ಸಾಕು. ಕಾಯಿಲ್ ತಾಗುತ್ತಿದ್ದರೆ ಗುಂಯ್ ಅನ್ನೋ ಸ್ವಚ್ಛ ಸದ್ದಿನ ಜೊತೆ ಗರಗರ ಕೇಳುತ್ತೆ. ಗರಗರ ನಿಲ್ಲೋವರೆಗೆ ಫೋಮ್ ಅಂಚನ್ನು ಕೂದಲೆಳೆಯಷ್ಟು ಸರಿಸಿ. ನಿಂತ ಕ್ಷಣ ಬಟ್ಟೆ ಕ್ಲಿಪ್ ಹಾಕಿ ಹಿಡಿಸಿ, ಟೋನ್ ಆರಿಸಿ, 24 ಗಂಟೆ ಮುಟ್ಟಬೇಡಿ. ಭಾರಿ ವೂಫರ್, ಅಥವಾ ಒಳಗಿನ ಸ್ಪೈಡರ್ (ಕಾಯಿಲನ್ನು ನಡುವಲ್ಲಿ ಹಿಡಿಯೋ ಸುಕ್ಕು ಬಟ್ಟೆ) ಜೋತುಬಿದ್ದಿರೋ ವೂಫರ್ ಆದರೆ ಈ ದಾರಿ ನಂಬಬೇಡಿ. ಡಸ್ಟ್ ಕ್ಯಾಪ್ ಕೊಯ್ದು, ಕಾಯಿಲ್ ಒಳಗಿನ ಸಂದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಡುವಿಗೆ ತಂದು ಅಂಟಿಸೋದೇ ಖಾತ್ರಿ.

ಡ್ರೈವರ್ ಬಿಚ್ಚೋ, ಕೂರಿಸೋ ಹೊತ್ತಿಗೆ ಒಂದು ಎಚ್ಚರಿಕೆ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯಿಂದ ಜಾರಿತು ಅಂದರೆ ಮ್ಯಾಗ್ನೆಟ್ ಅದನ್ನು ನೇರ ಕೋನ್ ಮೇಲೆ ಎಳೆದುಕೊಳ್ಳುತ್ತೆ, ಕಣ್ಣು ಮಿಟುಕಿಸೋದರೊಳಗೆ ತೂತು. ಕೋನ್ ಮೇಲೆ ದಪ್ಪ ರಟ್ಟು ಮುಚ್ಚಿ, ಇನ್ನೊಂದು ಕೈಯಿಂದ ಸ್ಕ್ರೂಡ್ರೈವರ್ ಕಂಬಿಯನ್ನು ಹಿಡಿದೇ ತಿರುಗಿಸಿ. ಪವರ್ ಡ್ರಿಲ್ ಬೇಡ. ಪಾರ್ಟಿಕಲ್ ಬೋರ್ಡಿನ ತೂತು ಒಮ್ಮೆ ಸವೆದರೆ ಸ್ಕ್ರೂ ಮತ್ತೆ ಬಿಗಿಯಾಗಲ್ಲ. ಹಾಗೇ ವಾಪಸ್ ಕೂರಿಸುವಾಗ ವೂಫರನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ದಶಕಗಟ್ಟಲೆ ತನ್ನದೇ ಭಾರಕ್ಕೆ ಕೆಳಗೆ ಜೋತ ಸ್ಪೈಡರ್ ಈಗ ಎದುರು ದಿಕ್ಕಿಗೆ ಎಳೆಸಿಕೊಂಡು ನಿಧಾನಕ್ಕೆ ನೇರವಾಗುತ್ತೆ. ಖರ್ಚಿಲ್ಲದ ರಿಪೇರಿ ಇದೊಂದೇ.

ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್ ತಂದಾಗಿನಿಂದ ಬಂದ ಮುಚ್ಚಿದ ಪೆಟ್ಟಿಗೆಗಳಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ವೂಫರ್ ಅಂಚು ಬೇಕಂತಲೇ ಸಡಿಲ. ಹಾಗಾಗಿ ಅಲ್ಲಿ ಗಾಳಿ ಸೋರಿದರೆ ಬಾಸ್ ಹೋಯಿತು. ಕೋನ್ ಒತ್ತಿ ಬಿಟ್ಟರೆ ಅದು ಸೋಮಾರಿಯಂತೆ ನಿಧಾನಕ್ಕೆ ವಾಪಸ್ ಬರಬೇಕು. ಟಕ್ ಅಂತ ಹಾರಿ ಬಂದರೆ ಎಲ್ಲೋ ಸೋರಿಕೆ. ಪೋರ್ಟ್ (ಗಾಳಿ ಹೋಗಿ ಬರೋ ತೂತು) ಇರೋ ಪೆಟ್ಟಿಗೆಗೆ ಈ ಪರೀಕ್ಷೆ ಅನ್ವಯಿಸಲ್ಲ. ಸೋರೋ ಜಾಗ ಸಾಮಾನ್ಯವಾಗಿ ಮೂರು: ವೂಫರ್ ಫ್ರೇಮಿನ ಕೆಳಗಿನ ಗ್ಯಾಸ್ಕೆಟ್, ಹಿಂದಿನ ಟರ್ಮಿನಲ್ ತಟ್ಟೆ, ಲೆವೆಲ್ ಕಂಟ್ರೋಲ್‌ನ (ಟ್ವೀಟರ್ ಸದ್ದು ಹೆಚ್ಚು ಕಡಿಮೆ ಮಾಡೋ ತಿರುಪಿನ) ದಂಡ ಹೊರಬರೋ ತೂತು. ಗಟ್ಟಿಯಾಗದ ಪುಟ್ಟಿಯನ್ನು ಹಗ್ಗದಂತೆ ಹೊಸೆದು ಫ್ರೇಮ್ ಕೆಳಗೆ ಸುತ್ತಿ. ಸಿಲಿಕೋನ್ ಸೀಲೆಂಟ್ ಹಾಕಿದರೆ ಮುಂದಿನ ಸಲ ಬಿಚ್ಚುವವರು ಬೋರ್ಡನ್ನೇ ಕಿತ್ತು ತೆಗೆಯಬೇಕಾಗುತ್ತೆ. ಬಟ್ಟೆಯ ಅಂಚಿನ ವೂಫರ್‌ಗಳಲ್ಲಿ ಬಟ್ಟೆಗೆ ಹಚ್ಚಿದ ಲೇಪವೇ ಒಣಗಿ ಗಾಳಿ ಬಿಡುತ್ತೆ. ಒಣಗಿದ ಮೇಲೂ ಮೆತ್ತಗೇ ಇರೋ ಲೇಪ ತೆಳುವಾಗಿ ಹಚ್ಚಬೇಕು. ಒಳಗಿನ ಗಾಜಿನ ಉಣ್ಣೆ ಎಷ್ಟಿತ್ತೋ ಅಷ್ಟೇ ವಾಪಸ್ ಹಾಕಿ. ಕೈಗವಸು, ಮಾಸ್ಕ್ ಮರೆಯಬೇಡಿ. ಅದು ಅಲಂಕಾರಕ್ಕೆ ತುಂಬಿದ್ದಲ್ಲ, ಪೆಟ್ಟಿಗೆ ತನ್ನ ಅಳತೆಗಿಂತ ದೊಡ್ಡದಾಗಿ ವರ್ತಿಸೋ ಹಾಗೆ ಮಾಡೋದು ಅದೇ.

ಪೆಟ್ಟಿಗೆ ಗಟ್ಟಿ ಮಾಡ್ತೀನಿ ಅಂತ ಒಳಗೆ ಮರದ ಪಟ್ಟಿ ಬಡಿಯೋದು ಇನ್ನೊಂದು ಗೀಳು. ಬಿಬಿಸಿಯ ಎಲ್‌ಎಸ್3/5ಎ ಸ್ಪೀಕರ್ ನೋಡಿ: 12 ಮಿ.ಮೀ. ಬರ್ಚ್ ಪ್ಲೈವುಡ್‌ನ ತೆಳು ಗೋಡೆ, ಒಳಗೆ ಕಂಪನ ನುಂಗೋ ಭಾರದ ಹಾಳೆ. ಗೋಡೆಯ ಕಂಪನವನ್ನು ಕಿವಿಗೆ ಚುಚ್ಚದ ಕೆಳಗಿನ ಆವರ್ತನಕ್ಕೆ ಇಳಿಸಿ ಅಡಗಿಸೋದೇ ಅಲ್ಲಿನ ಲೆಕ್ಕ. ಪಟ್ಟಿ ಬಡಿದರೆ ಅದೇ ಕಂಪನ ಮೇಲಕ್ಕೆ ಹತ್ತಿ, ಹಾಡುವವರ ದನಿಯ ಮೇಲೇ ಬಂದು ಕೂರುತ್ತೆ.

ಕೆಪಾಸಿಟರ್ ವಿಷಯದಲ್ಲಿ ಮಾತ್ರ ಬದಲಾವಣೆಗೆ ನನ್ನ ಪೂರ್ತಿ ಒಪ್ಪಿಗೆ, ಷರತ್ತಿನ ಮೇಲೆ. ಕ್ರಾಸ್‌ಓವರ್‌ನ (ಸದ್ದನ್ನು ವೂಫರ್, ಟ್ವೀಟರ್‌ಗೆ ಹಂಚೋ ಸರ್ಕ್ಯೂಟ್‌ನ) ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದಾಗ ಒಳ ರೋಧ ಏರಿ ಟ್ವೀಟರ್ ಮಂಕಾಗುತ್ತೆ. ಅಳೆದರೆ ಮೌಲ್ಯ ಎಷ್ಟೋ ಸಲ ಬರೆದಿದ್ದಕ್ಕಿಂತ ಜಾಸ್ತಿಯೇ ತೋರಿಸುತ್ತೆ, ಅದನ್ನು ನೋಡಿ ಚೆನ್ನಾಗಿದೆ ಅಂತ ಬಿಡಬೇಡಿ. ಒಂದು ಕಾಲು ಬೆಸುಗೆಯಿಂದ ಬಿಡಿಸಿ, ಮೌಲ್ಯ ಮತ್ತು ಇಎಸ್‌ಆರ್ (ಅದೇ ಒಳ ರೋಧ) ಎರಡನ್ನೂ ಅಳೆಯಬೇಕು. ಮೌಲ್ಯ ಯಾಕೆ ಅಷ್ಟು ಮುಖ್ಯ ಅಂದರೆ, 8 ಓಮ್ ಟ್ವೀಟರ್‌ಗೆ 4 ಮೈಕ್ರೋಫ್ಯಾರಡ್ ಹಾಕಿದರೆ ಕಡಿತ (ಅದರ ಕೆಳಗಿನ ಸದ್ದು ಟ್ವೀಟರ್‌ಗೆ ಇಳಿಮುಖವಾಗೋ ಗಡಿ) ಸುಮಾರು 5000 ಹರ್ಟ್ಜ್‌ನಲ್ಲಿ. 6 ಹಾಕಿದರೆ ಸುಮಾರು 3300ಕ್ಕೆ ಇಳಿದು, ಟ್ವೀಟರ್ ತನಗಲ್ಲದ ಕೆಲಸ ಮಾಡಿ ಸಾಯುತ್ತೆ. 1970ರ ಜೆಬಿಎಲ್ ಎಲ್100ರಲ್ಲಂತೂ ವೂಫರ್‌ಗೆ ಫಿಲ್ಟರೇ ಇಲ್ಲ, ಮಿಡ್ (ನಡುವಿನ ಸ್ವರದ ಘಟಕ) ಮತ್ತು ಟ್ವೀಟರ್‌ನ ಪಾಲು ನಿರ್ಧರಿಸೋದು ಕೆಪಾಸಿಟರ್‌ಗಳೇ.

ಬೇಕಾದ ಮೌಲ್ಯ ಸಿಗದಿದ್ದರೆ ಪ್ಯಾರಲಲ್ ಜೋಡಿಸಿ: 4.7ಕ್ಕೆ 1.5 ಸೇರಿದರೆ 6.2. ವೋಲ್ಟೇಜ್ 100 ಇದ್ದರೆ ಸಾಕು. ಟ್ವೀಟರ್ ದಾರಿಗೆ ಪಾಲಿಪ್ರೊಪಿಲೀನ್ ಫಿಲ್ಮ್ ಹಾಕಿ, ಸಾಧಾರಣದ್ದೇ ಸಾಕು. ಹೆಸರಾಂತ ದುಬಾರಿ ಕೆಪಾಸಿಟರ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಫಿಲ್ಮ್‌ನ ಒಳ ರೋಧ ಬಹಳ ಕಡಿಮೆ. ಹಳೆಯ ವಿನ್ಯಾಸಕಾರ ಎಲೆಕ್ಟ್ರೋಲಿಟಿಕ್‌ನ ರೋಧವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾನೆ. ಬದಲಿಸಿದ ಮೇಲೆ ತಾಳದ ಸದ್ದು ಚುರ್ರೆಂದರೆ ಸರಣಿಯಲ್ಲಿ 0.3ರಿಂದ 0.5 ಓಮ್‌ನ ರೆಸಿಸ್ಟರ್ ಒಂದು ಸೇರಿಸಿ. ವೂಫರ್ ಕಡೆಯ 50, 80 ಮೈಕ್ರೋಫ್ಯಾರಡ್‌ನ ದೊಡ್ಡವಕ್ಕೆ ಹೊಸ ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ಸಾಕು. ಕ್ರಾಸ್‌ಓವರ್‌ನಲ್ಲಿರೋ ತಂತಿಸುರುಳಿಗಳನ್ನು ಮುಟ್ಟಬೇಡಿ, ಅವು ಹಳತಾಗಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಬಿಚ್ಚಿ, ಇನ್ನೊಂದು ನೋಡಿಕೊಳ್ಳೋಕೆ ಇರಲಿ.

ಟ್ವೀಟರ್ ಬಂದು ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಲೆವೆಲ್ ಕಂಟ್ರೋಲ್ ಮೇಲೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಮೂವತ್ತು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎರಡೂ ಟ್ವೀಟರ್ ಕೆಲಸ ಮಾಡುತ್ತಿವೆ, ಒಂದು ಮಾತ್ರ ಮೆಲ್ಲಗಿದೆ ಅಂದರೆ ಒಳಗಿನ ಫೆರೋಫ್ಲೂಯಿಡ್ (ಕಾಯಿಲ್ ಸುತ್ತ ತುಂಬಿದ ಮ್ಯಾಗ್ನೆಟ್‌ಗೆ ಅಂಟೋ ದ್ರವ) ಒಣಗಿ ಗೋಂದಾಗಿರಬಹುದು. ತೆಳು ಕಾಗದದ ಪಟ್ಟಿ ಸಂದಿಯಲ್ಲಿ ಆಡಿಸಿ ಹಳೆಯದನ್ನು ತೆಗೆದು ಹೊಸದು ತುಂಬಬೇಕು.

ಕೇಬಲ್ ವಿಚಾರ ಎರಡು ಸಾಲಿನಲ್ಲಿ ಮುಗಿಯುತ್ತೆ. 2.5 ಚದರ ಮಿ.ಮೀ. ತಾಮ್ರದ ತಂತಿ 5 ಮೀಟರ್ ಎಳೆದರೆ ಹೋಗಿ ಬರೋ ಒಟ್ಟು ರೋಧ 0.07 ಓಮ್‌ನ ಆಸುಪಾಸು, ಸ್ಪೀಕರಿನ ರೋಧದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕಿಂತ ಆಂಪ್ಲಿಫೈಯರ್ ನೋಡಿ: ಎಆರ್-3ಎ ಥರದ 4 ಓಮ್ ಸ್ಪೀಕರನ್ನು 8 ಓಮ್‌ಗೆ ಮಾತ್ರ ಅಂತ ಬರೆದ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಅದು ಕಾದು ಕೈಕೊಡುತ್ತೆ.

ಇಷ್ಟಾದ ಮೇಲೆ ಇಡೋ ಜಾಗ. ಹಣ ಕೇಳದ, ಎಲ್ಲಕ್ಕಿಂತ ದೊಡ್ಡ ಅಪ್‌ಗ್ರೇಡ್ ಇದೇ. ಮೊದಲು ಮೋನೋ ಹಾಡು (ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು ಬರೋದು) ಹಾಕಿ: ದನಿ ಎರಡರ ನಡುವೆ ಗಟ್ಟಿಯಾಗಿ ನಿಲ್ಲದೆ ಚೆಲ್ಲಾಪಿಲ್ಲಿಯಾಗಿ, ಬಾಸ್ ಮಾಯವಾದರೆ ಒಂದರ ತಂತಿ ಉಲ್ಟಾ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಲಿ. ನೆಲದ ಮೇಲೆ ಇಡಲೇಬೇಕಿದ್ದರೆ ಹಿಂದಕ್ಕೆ ವಾಲಿಸಿ. ಎರಡು ಸ್ಪೀಕರ್ ಮತ್ತು ನೀವು ಸಮತ್ರಿಕೋನದ ಮೂರು ಮೂಲೆ. ಹಿಂದಿನ ಗೋಡೆಯಿಂದ ಮುಂಭಾಗ 60 ಸೆಂ.ಮೀ. ದೂರ ಇದ್ದರೆ, ಗೋಡೆಗೆ ಬಡಿದು ವಾಪಸ್ ಬಂದ ಅಲೆ ಸುಮಾರು 143 ಹರ್ಟ್ಜ್‌ನಲ್ಲಿ ಎದುರಾಗಿ ಒಂದು ಹಳ್ಳ ತೋಡುತ್ತೆ. ದೂರ ಬದಲಿಸಿದರೆ ಹಳ್ಳ ಜಾಗ ಬದಲಿಸುತ್ತೆ, ಅಷ್ಟೇ. ಶೆಲ್ಫ್‌ನಲ್ಲಿ ಇಡೋಕೆಂದೇ ಮಾಡಿದ ಹಳೆಯ ಮುಚ್ಚಿದ ಪೆಟ್ಟಿಗೆಗಳನ್ನು ಈಗಿನ ಫ್ಯಾಷನ್ನಿಗೆ ಕೋಣೆಯ ಮಧ್ಯಕ್ಕೆ ಎಳೆದು, ಆಮೇಲೆ ಬಾಸ್ ತೆಳು ಅಂತ ದೂರೋದರಲ್ಲಿ ಅರ್ಥವಿಲ್ಲ. ಹತ್ತು ಹತ್ತು ಸೆಂ.ಮೀ. ಸರಿಸುತ್ತಾ, ಒಂದೇ ಹಾಡಿನ ಬಾಸ್ ಇರೋ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಿ. ಒಪ್ಪಿದ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು ಹಾಕಿಬಿಡಿ. ಕಸ ಗುಡಿಸುವಾಗ ಪೆಟ್ಟಿಗೆ ಸರಿದೇ ಸರಿಯುತ್ತೆ.